ಯಾರಿಂದ ಯಾರಿಗೆ

ಎಡಿನ್‌ಬರೊಗೆ ಬಂದ ಮೊದಲ ವಾರ, ನಮ್ಮ ಪ್ರಯೋಗಾಲಯದ ಊಟದ ಮೇಜಿನಲ್ಲಿ ಒಬ್ಬಾಕೆ ಬ್ರೆಡ್ ಕಚ್ಚುತ್ತಲೇ ಏಡ್ಸ್ ಎಂದಳು. ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾನು ಸುತ್ತ ನೋಡಿದೆ. ಕವಲಂದೆಯ ನಮ್ಮ ಮನೆಯಲ್ಲಿ ಅಣ್ಣ ಅದರಿಂದಲೇ ಸತ್ತಿದ್ದ. ಆ ಹೆಸರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಊರಿಗೆಲ್ಲ ಟಿ.ಬಿ. ಎಂದೇ ಹೇಳಿ ಮಣ್ಣು ಮಾಡಿದ್ದೆವು.

ಬಾಡಿಗೆ ಕೋಣೆಯ ಒಡತಿ ಬೆಳಿಗ್ಗೆ ಪಾರಿಜ್ ಕೊಡುತ್ತಾಳೆ, ಅಂದರೆ ಓಟ್ಸಿನ ಅಂಬಲಿ. ಉಪ್ಪು ಹಾಕಿಕೊಂಡರೆ ನಮ್ಮ ರಾಗಿ ಅಂಬಲಿಯ ದೂರದ ನೆಂಟನಂತೆ ಹೇಗೋ ಇಳಿಯುತ್ತದೆ. ಕಡಲಿನಿಂದ ಏಳುವ ಮಂಜಿಗೆ ಇವರು 'ಹಾರ್' ಎನ್ನುತ್ತಾರೆ. ಅದು ಕವಿದ ದಿನ ಎದುರು ಮನೆಯೂ ಕಾಣದು. ಅಳುವುದಕ್ಕೆ ಒಳ್ಳೆಯ ದಿನ, ಯಾರೂ ನೋಡುವುದಿಲ್ಲ.

ನನ್ನ ಕೆಲಸವೂ ಏಡ್ಸ್ ತರುವ ಆ ವೈರಸ್ಸಿನದೇ. ಅದು ಮೈಯೊಳಗೆ ತನ್ನ ನಕಲು ತೆಗೆಯುವಾಗಲೆಲ್ಲ ಜೀನಿನ ಅಕ್ಷರಗಳು ಅಲ್ಲೊಂದು ಇಲ್ಲೊಂದು ಬದಲಾಗುತ್ತವೆ. ಯಾವ ಅಕ್ಷರ ಯಾವುದಾಗಿ, ಎಷ್ಟು ಬೇಗ ತಿರುಗುತ್ತದೆಂಬ ಲೆಕ್ಕ ಕಲಿಸಿದರೆ, ಯಾವ ವೈರಸ್ಸು ಯಾವುದರ ದಾಯಾದಿ ಎಂದು ಕಂಪ್ಯೂಟರ್ ವಂಶವೃಕ್ಷ ಬರೆದುಕೊಡುತ್ತದೆ.

ಇದನ್ನು ಫೋನಿನಲ್ಲಿ ಅಣ್ಣನ ಹೆಂಡತಿ ರತ್ನತ್ತಿಗೆಗೆ ಹೇಳಿದ್ದೆ. ಅವಳ ರಕ್ತದಲ್ಲೂ ಅದು ಸಿಕ್ಕಿತ್ತು. ಅಣ್ಣ ಲಾರಿ ಓಡಿಸುತ್ತ ವಾರಗಟ್ಟಲೆ ಹೊರಗಿದ್ದವನು, ಅತ್ತಿಗೆ ಹೊಲ ಮನೆ ಬಿಟ್ಟು ಕದಲದವಳು. ಆದರೂ ಅವ್ವ, "ಇವ್ಳೇ ಎಲ್ಲಿಂದ್ಲೋ ತಂದು ನನ್ ಮಗನ್ನ ತಿಂದ್ಕಂಡ್ಳು" ಎಂದು ಅವಳನ್ನು ತವರಿಗೆ ಅಟ್ಟಲು ನಿಂತಿದ್ದಳು. ಸಾಯುವ ಮುಂಚೆ ಅಣ್ಣ ಒಂದು ಮಾತು ಹೇಳಬಹುದಿತ್ತು. ಗೋಡೆ ಕಡೆ ತಿರುಗಿ ಮಲಗಿದ, ಪುಣ್ಯಾತ್ಮ.

"ನನ್ ರಕ್ತ ಬೇಕಾದ್ರೆ ತಕ್ಕಳವ್ವ," ಎಂದಳು ಅತ್ತಿಗೆ. "ನಾನ್ ತಂದುದ್ದಲ್ಲ ಅಂತ ನಿನ್ ಕಂಪ್ಯೂಟ್ರು ಕೈಲಿ ಒಂದ್ ಮಾತು ಏಳ್ಸು."

ಹೇಳಿಸಲಾಗುವುದಿಲ್ಲ. ಅಣ್ಣನ ರಕ್ತವನ್ನು ಯಾರೂ ಎತ್ತಿಟ್ಟಿರಲಿಲ್ಲ. ಇಟ್ಟಿದ್ದರೂ ಇಬ್ಬರದೂ ಒಂದೇ ಬೀಜ ಎನ್ನಬಹುದಿತ್ತೇ ಹೊರತು, ಯಾರ ಹೊಲದಿಂದ ಯಾರ ಹೊಲಕ್ಕೆ ಬಂತೆಂದು ಖಚಿತವಾಗಿ ಹೇಳಲಾಗುತ್ತಿರಲಿಲ್ಲ. ಅವ್ವನಿಗೂ ಅದನ್ನೇ ಹೇಳಿದೆ. "ಕಂಪ್ಯೂಟ್ರು ಬುಡವ್ವ, ನಾನೇ ಏಳ್ತಾ ಇವ್ನಿ, ಅತ್ತಿಗೆದು ತಪ್ಪಿಲ್ಲ" ಎಂದು ಫೋನಿನಲ್ಲೇ ಕೂಗಿಕೊಂಡೆ.

"ನೀ ಏಳದು ಬ್ಯಾಡ ಕಣವ್ವ. ಆ ಕಂಪ್ಯೂಟ್ರೇ ಇವ್ಳಲ್ಲ ಅನ್ನಕಿಲ್ವಲ್ಲ," ಎಂದು ಅವ್ವ ಫೋನಿಟ್ಟಳು.

ಅತ್ತಿಗೆ ಈಗ ನರಸೀಪುರದ ತವರಿನಲ್ಲಿದ್ದಾಳೆ. ಇಲ್ಲಿ ನಮ್ಮ ಗುರುಗಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುತ್ತಾಳೆ ಎಂದು ಎಲ್ಲರೆದುರು ನನ್ನನ್ನು ಹೊಗಳುತ್ತಾರೆ. ಅದೇ ಮಾತು ಅಲ್ಲಿ ಒಬ್ಬಳ ಮನೆ ಕಳೆಯಿತು.

ಮೊನ್ನೆ ಫೋನು ಮಾಡಿದಾಗ ಅತ್ತಿಗೆ ಬೈಯಲಿಲ್ಲ. "ಒಂದ್ ಸುಳ್ಳು ಏಳ್ಬುಟ್ಟಿದ್ರೆ ಅಲ್ಲಿ ನಿನ್ನ ಯಾರವ್ವ ಕೇಳ್ತಿದ್ರು?" ಎಂದಳು, ಅಷ್ಟೇ.

ಯಾರೂ ಕೇಳುತ್ತಿರಲಿಲ್ಲ. ರಜೆಗೆ ಬಂದರೆ ನಿಮ್ಮ ಮನೆಯಲ್ಲಿ ಇಳಿದುಕೊಳ್ಳಲೇ ಎಂದು ಅತ್ತಿಗೆಯನ್ನು ಕೇಳಬೇಕೆಂದಿದ್ದೆ. ಕೇಳದೆಯೇ ಫೋನಿಟ್ಟೆ.