ಮಡಿ ಸೀರೆ, ವೈಪರ್ ಮೋಟರ್

ನಮ್ಮ ಅತ್ಯಾನ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ದಿನದ ಅರ್ಧ ಹೊತ್ತು ನೀರಿನಲ್ಲೇ ಕೈಯಿಟ್ಟವರದು ಮತ್ತೇನಾದೀತು? ಒಂದು ಸಂಜೆ ಸಿಮ್ ಕಂಪನಿಯವನು ಮನೆಗೆ ಬಂದು ತನ್ನ ಅಂಗೈಯಗಲದ ಯಂತ್ರದ ಮೇಲೆ ಅವಳ ಹೆಬ್ಬೆರಳು ಒತ್ತಿಸಿ ಒತ್ತಿಸಿ ಸೋತ. "ಅಜ್ಜೀ, ನಿಮ್ಮ ಥಂಬ್ ಹತ್ತವಲ್ತರಿ. ಗೆರಿನ ಇಲ್ಲ ಬೆರಳಾಗ" ಎಂದ. ಅತ್ಯಾ ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಇರಲಿ ಬಿಡಪಾ, ನನ್ನ ಗುರ್ತು ಹಿಡದು ಯಾರಿಗೇನ ಆಗಬೇಕಾಗೇದ?" ಎಂದು ಒಳಗೆ ಹೋದಳು. ಕೊನೆಯವರೆಗೂ ಅವಳು ಅವ್ವನ ಫೋನಿನಲ್ಲೇ ಮಾತಾಡಿದಳು.

ಅತ್ಯಾ ಎಂದರೆ ನಮ್ಮಪ್ಪನ ಅಕ್ಕ. ನಾಲತವಾಡಕ್ಕೆ ಮದುವೆಯಾಗಿ ಹೋದವಳು ಗಂಡ ತೀರಿಕೊಂಡ ಮೇಲೆ ಇಂಡಿ ಊರಿನ ನಮ್ಮ ಮನೆಗೆ ಮರಳಿ ಬಂದು, ದೇವರ ಮನೆ, ಅಡುಗೆ ಮನೆ, ಅದರ ಹಿಂದಿನ ಸಾಮಾನಿನ ಕೋಣೆ ಇಷ್ಟರಲ್ಲೇ ಉಳಿದುಬಿಟ್ಟಳು. ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಮಡಿ ಸೀರೆ ಉಟ್ಟಳೆಂದರೆ ದೇವರಿಗೆ ನೈವೇದ್ಯವಾಗಿ ಎಲ್ಲರ ಊಟ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ. ಅವಳ ಸೀರೆ ಕೂಡ ನಮಗೆ ಎಟುಕದಷ್ಟು ಎತ್ತರದ ಗಳುವಿನ ಮೇಲೆ ಒಣಗುತ್ತಿತ್ತು. ಅದನ್ನು ಏರಿಸಲು, ಇಳಿಸಲು ಅವಳದೊಂದು ಕೋಲಿತ್ತು. ಚಿಕ್ಕವಳಿದ್ದಾಗ ನಾನು ಓಡಿ ಬಂದರೆ ಆ ಕೋಲು ಅಡ್ಡ ಹಿಡಿದು, "ದೂರ, ದೂರ!" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ದಿನಾ ಮಧ್ಯಾಹ್ನದವರೆಗೆ ಕರ್ಫ್ಯೂ. ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟಿತ್ತು.

ಆ ಸಿಟ್ಟು ಇಳಿದದ್ದು ನನ್ನ ಡಿಪ್ಲೊಮಾ ಮುಗಿದ ಮೇಲೆ. ವಿಜಯಪುರಕ್ಕೆ ಬಸ್ಸಿನಲ್ಲಿ ಓಡಾಡಿ ಎಲೆಕ್ಟ್ರಾನಿಕ್ಸ್ ಓದಿದ್ದೆ. ಕಡೆಯ ವರ್ಷ ಅದೇನೋ ಹುಚ್ಚು ಹಿಡಿಯಿತು. ಒಂದು ಪುಟ್ಟ ಬೋರ್ಡು, ಒಂದು ಸೆನ್ಸರು, ಒಂದು ಮೋಟರು ಸೇರಿಸಿದರೆ ವಸ್ತುಗಳು ಮನುಷ್ಯರಿಗೆ ಉತ್ತರ ಕೊಡುತ್ತವಲ್ಲ, ಅದು. ಮೊದಲು ಚಪ್ಪಾಳೆ ತಟ್ಟಿದರೆ ಕಣ್ಣು ಮಿಟುಕಿಸುವ ಗೊಂಬೆ ಮಾಡಿದೆ. ಆಮೇಲೆ ಯಾರಾದರೂ ಹತ್ತಿರ ಬಂದರೆ ತಿರುಗತೊಡಗುವ ರಂಗೋಲಿಯ ತಟ್ಟೆ. ಕಾಲೇಜಿನ ಪ್ರದರ್ಶನದಲ್ಲಿ ಎಲ್ಲರೂ ಅದರ ಸುತ್ತ ನಿಂತರು. ಅಪ್ಪ ಮಾತ್ರ ಮನೆಗೆ ಬಂದ ಮೇಲೆ, "ಓದಿದ್ದು ಸಾಕು. ಆ ಸಾಮಾನೆಲ್ಲಾ ಅಟ್ಟಕ್ಕ ಹಾಕು" ಎಂದರು. ಅವರು ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಅವರ ಮಾತು ಗಂಟೆ ಬಾರಿಸಿದ ಹಾಗೆ, ಅದರ ಮೇಲೆ ಚರ್ಚೆ ಇರುತ್ತಿರಲಿಲ್ಲ. ಕೆಟ್ಟವರಲ್ಲ. ಹೆಣ್ಣುಮಕ್ಕಳು ಮನೆಯೊಳಗಿದ್ದರೆ ಅವರಿಗೇನೂ ಆಗುವುದಿಲ್ಲ ಎಂದು ನಿಜವಾಗಿ ನಂಬಿದವರು.

ಆ ಬೇಸಿಗೆ ನಾನು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ತಿರುಗಿದ್ದೇ ತಿರುಗಿದ್ದು. ಕಿಟಕಿಯಲ್ಲಿ ನಿಂತರೆ "ಒಳಗ ಬಾ", ಬಾಗಿಲಲ್ಲಿ ನಿಂತರೆ "ಯಾರಿದ್ದಾರ ಅಲ್ಲೆ?" ಒಂದು ದಿನ ನಾನು ಅಟ್ಟಕ್ಕೆ ಸಾಗಿಸುತ್ತಿದ್ದ ಡಬ್ಬಿಯನ್ನು ಅತ್ಯಾ ಕೋಲಿನಿಂದ ತಡೆದಳು. "ಅಟ್ಟದ ಮ್ಯಾಲೆ ಇಲಿ ಅವ. ನನ್ನ ಸಾಮಾನಿನ ಕೋಣ್ಯಾಗ ಇಡು" ಎಂದಳು. ಇಟ್ಟೆ. "ಇಟ್ಟು ಸುಮ್ಮನ ನಿಂತಿ ಯಾಕ? ಕೂತು ಮಾಡು. ನಾ ಮಡ್ಯಾಗ ಇರೂತನಾ ಇಲ್ಲೆ ಯಾರ ಬರತಾರ?"

ಹೀಗೆ ನನ್ನ ಕಾರ್ಖಾನೆ ಮಡಿಯ ಬೇಲಿಯೊಳಗೆ ಶುರುವಾಯಿತು. ಪ್ಲಾಸ್ಟಿಕ್ ಡಬ್ಬಿ, ವೈರುಗಳಿಗೆ ಮೈಲಿಗೆಯಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವಳು ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟಳು: "ಉಣ್ಣಿಗೆ ಮೈಲಿಗಿ ಇಲ್ಲ, ರೇಶ್ಮಿಗೂ ಇಲ್ಲ. ಪ್ಲಾಸ್ಟಿಕ್ಕಿಂದು ಯಾ ಶಾಸ್ತ್ರದಾಗೂ ಬರದಿಲ್ಲ. ಬರದಿಲ್ಲಂದ್ರ ನನ್ನ ಮಾತು ನಡೀತದ." ನಾನು ಹೊರಗೆ ಕೂರುವ ಆ ಮೂರು ದಿನ ಕೋಣೆಗೆ ಕಾಲಿಡುವಂತಿರಲಿಲ್ಲ. ಆಗ ಬೋರ್ಡು, ವೈರುಗಳನ್ನು ಅಗಲ ತಟ್ಟೆಯಂಥ ಪರಾತದಲ್ಲಿಟ್ಟು ಕೋಲಿನಿಂದ ಹಿತ್ತಲ ಕಟ್ಟೆಯವರೆಗೆ ನೂಕುತ್ತಿದ್ದಳು. ಬೆಸುಗೆಯ ಹೊಗೆ ಪಡಸಾಲೆಗೆ ಹೋಗದಿರಲಿ ಎಂದು ಊದಿನಕಡ್ಡಿಯ ಕಟ್ಟನ್ನೇ ಹಚ್ಚುತ್ತಿದ್ದಳು. ಮೋಟರಿನ ಸದ್ದು ಏರಿದಷ್ಟೂ ಅವಳ ಸ್ತೋತ್ರ ಏರುತ್ತಿತ್ತು. "ಅಕ್ಕಗ ಇತ್ತೀಚಿಗೆ ಭಕ್ತಿ ಭಾಳ ಆಗೇದ" ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದರು. ಅವ್ವ ಎಲ್ಲ ಬಲ್ಲವಳು, ತಲೆ ಬಗ್ಗಿಸಿ ಅಕ್ಕಿ ಆರಿಸುತ್ತಿದ್ದಳು.

ಧಾರವಾಡದ ಒಂದು ಕಲಾಶಾಲೆಯಲ್ಲಿ ಇಂಥ ಕೆಲಸವನ್ನೇ ಕಲಿಸುವ ವಿಭಾಗ ತೆರೆದಿದ್ದಾರೆಂದು ಗೆಳತಿಯೊಬ್ಬಳಿಂದ ತಿಳಿಯಿತು. ಸ್ವಂತ ಕೃತಿ ಒಯ್ದು, ಅದು ಕೆಲಸ ಮಾಡುವುದನ್ನು ತೋರಿಸಿದವರಿಗೆ ಪ್ರವೇಶ. ಆ ಮನೆಯಿಂದ ಹೊರಬೀಳಲು ನನಗೆ ಕಂಡ ಬಾಗಿಲು ಅದೊಂದೇ. ಏನು ಮಾಡಲಿ ಎಂದು ತಲೆ ಕೆಡಿಸಿಕೊಂಡು ಕೂತಾಗ ಮೇಲೆ ಗಳುವಿನಲ್ಲಿ ಅತ್ಯಾನ ಸೀರೆ ಗಾಳಿಗೆ ಅಲುಗುತ್ತಿತ್ತು. ಜನ ಹತ್ತಿರ ಬಂದರೆ ತಾನಾಗಿ ಹಿಂದೆ ಸರಿಯುವ ಸೀರೆ. ಹೊಳೆದದ್ದೇ ತಡ, ಡಬ್ಬಿ ಬಿಚ್ಚಿದೆ.

ಹೇಳಿದಷ್ಟು ಸಲೀಸಾಗಿರಲಿಲ್ಲ. ನನ್ನ ಬಳಿಯಿದ್ದ ಪುಟ್ಟ ಮೋಟರು ನೂಲಿನ ಸೀರೆಯ ಭಾರಕ್ಕೆ ಕಟಕಟ ಗಿಯರಿನ ಹಲ್ಲು ಮುರಿದುಕೊಂಡಿತು. ಅವ್ವನ ಜೊತೆ ಸಿಂದಗಿಗೆ ನಂಟರ ಮನೆಗೆ ಹೋದಾಗ ಗುಜರಿ ಅಂಗಡಿ ಹೊಕ್ಕು ಹಳೆಯ ಜೀಪಿನ ವೈಪರ್ ಮೋಟರ್ ಕೇಳಿದೆ. ಅಂಗಡಿಯವನು ಕನ್ನಡಕ ಏರಿಸಿದ. "ಇದನ್ನ ತಗೊಂಡ ಏನ್ ಮಾಡ್ತೀ ತಂಗಿ? ಮನ್ಯಾಗ ಜೀಪ ಐತೇನು?"

"ಇಲ್ರಿ. ಸೀರಿ ಎಳ್ಯಾಕ ಬೇಕಾಗೈತ್ರಿ" ಎಂದುಬಿಟ್ಟೆ.

"ಶಿವಾ ಶಿವಾ! ಅಂಥಾ ಕೆಲಸ ಯಾಕ ಮಾಡ್ತೀವಾ?" ಎಂದು ಅವನು ಮೋಟರನ್ನೇ ಹಿಂದಕ್ಕೆ ಎಳೆದುಕೊಂಡ. ಬಿಡಿಸಿ ಹೇಳುವಷ್ಟರಲ್ಲಿ ಅವ್ವ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಅವಳು ಅಷ್ಟು ನಕ್ಕದ್ದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ.

ವೈಪರ್ ಮೋಟರಿಗೆ ಬಲವಿತ್ತು, ಆದರೆ ಅದು ಎದ್ದ ಕೂಡಲೇ ಬೋರ್ಡು ಮಲಗುತ್ತಿತ್ತು. ಒಂದೇ ಅಡಾಪ್ಟರಿನಿಂದ ಇಬ್ಬರಿಗೂ ಉಣಿಸುತ್ತಿದ್ದೆ, ದೊಡ್ಡದು ಎಲ್ಲವನ್ನೂ ಎಳೆದುಕೊಳ್ಳುತ್ತಿತ್ತು. ಇದು ತಿಳಿಯಲು ಬಹಳ ದಿನ ಹಿಡಿಯಿತು. ಮೋಟರಿಗೆ ಬೇರೆ ಬ್ಯಾಟರಿ ಕೊಟ್ಟ ಮೇಲೆ, ಒಂದು ಮಧ್ಯಾಹ್ನ, ನಾನು ಮುಂದೆ ಹೆಜ್ಜೆಯಿಟ್ಟಾಗ ಸೀರೆ ಮೆಲ್ಲಗೆ ಹಿಂದೆ ಸರಿಯಿತು. ಹಿಂದೆ ಬಂದೆ. ಸರ್ರನೆ ಮರಳಿತು. ಕುಣಿದಾಡುವಷ್ಟು ಖುಷಿಯಾಯಿತು. ತಿರುಗಿದರೆ ಬಾಗಿಲಲ್ಲಿ ಅತ್ಯಾ.

ಅದು ಯಾರ ಚಿತ್ರ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು. ಕೋಣೆಯ ಕದ ಮಾತ್ರ ಮುಚ್ಚಲಿಲ್ಲ. ಐದನೆಯ ದಿನ ತಾನೇ ಬಂದು ಸೀರೆಯ ಎದುರು ನಿಂತಳು. ಮುಂದೆ ಹೋದಳು, ಹಿಂದೆ ಬಂದಳು. "ಸುಳ್ಳು" ಎಂದಳು.

"ಯಾವುದು ಸುಳ್ಳು, ಅತ್ಯಾ?"

"ಹಿಂದ ಸರಿಯೂದು ಖರೆ. ಮುಂದ ಬರೂದು ಸುಳ್ಳು. ಜನಾ ಹ್ವಾದ ಕೂಡಲೇ ಹಿಂಗ ಓಡಿ ಬರೂದಿಲ್ಲ ಅದು. ಹೋದರೋ ಇಲ್ಲೋ ಅಂತ ಮೊದಲ ಸುಮ್ಮನ ನಿಂತು ನೋಡತದ. ಆಮ್ಯಾಲ ಬರತದ. ಮೊದಲಿದ್ದ ಜಾಗಾಕ್ಕಿಂತ ಒಂದೀಟು ಮುಂದ ಬರತದ."

"ಮುಂದ ಯಾಕ?"

"ಅಷ್ಟೂ ನಾನ ಹೇಳಬೇಕೇನು ನಿನಗ?"

ಅಂದೇ ಅವಳು ತನ್ನ ಕಥೆಯನ್ನೂ ಹೇಳಿದ್ದು. ಹದಿನೆಂಟಕ್ಕೆ ಟೀಚರ್ ಟ್ರೇನಿಂಗಿಗೆ ಆರಿಸಿ ಬಂದಿದ್ದಳಂತೆ. ಅಜ್ಜ ಬೇಡವೆಂದರು. "ನಾ ಹೂಂ ಅಂದೆ. ಮದಿವಿ ಅಂದ್ರು, ಹೂಂ ಅಂದೆ. ವಾಪಸ್ ಬಾ ಅಂದ್ರು, ಹೂಂ ಅಂದೆ. ಮಡಿ ಒಂದ ನೋಡು ನಾನಾಗಿ ಹಿಡಕೊಂಡಿದ್ದು. ಅದರಾಗರೆ ನಾ 'ದೂರ' ಅಂದ್ರ ಎಲ್ಲಾರೂ ದೂರ ನಿಂದರತಾರ." ಸೀರೆಯ ಪ್ರೋಗ್ರಾಮನ್ನು ಅವಳು ಹೇಳಿದಂತೆಯೇ ತಿದ್ದಿದೆ.

ಧಾರವಾಡದ ದಿನ ಹತ್ತಿರ ಬಂದಾಗ ಅಪ್ಪನಿಗೆ ಹೇಳಿದೆ. ಅವರು ಕೂಗಾಡಲಿಲ್ಲ. "ಹೆಣ್ಣಮಕ್ಕಳು ಮೋಟರ್ ಹೊತಗೊಂಡು ಊರೂರು ತಿರಗೂದು ನಮ್ಮ ಮನಿತನದಾಗ ಇಲ್ಲ" ಎಂದು ಪತ್ರಿಕೆ ತೆರೆದರು. ಅಷ್ಟೇ. ಗೋಡೆಗೆ ಹಣೆ ಚಚ್ಚಿಕೊಂಡರೂ ಗೋಡೆ ಅಲ್ಲೇ ಇರುತ್ತದೆ.

ಹೊರಡುವ ಬೆಳಿಗ್ಗೆ ಆದದ್ದಾಗಲಿ ಎಂದು ಪೆಟ್ಟಿಗೆ ಹೊತ್ತು ಪಡಸಾಲೆಗೆ ಬಂದೆ. ಅಪ್ಪ ಸ್ನಾನ, ಸಂಧ್ಯಾವಂದನೆ ಮುಗಿಸಿ ಮುಂಬಾಗಿಲಿಗೆ ಅಡ್ಡ ನಿಂತಿದ್ದರು. "ಒಳಗ ಹೋಗು" ಎಂದರು. ಒಳಗೆ ಹೋಗಲು ಹಿಂತಿರುಗಿದೆ. ಆಗ ಅತ್ಯಾ ಬಂದಳು. ಅದುವರೆಗೆ ಮಡಿಯಲ್ಲಿ ಅವಳು ಪಡಸಾಲೆಗೆ ಬಂದದ್ದೇ ಇರಲಿಲ್ಲ. ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಕೋಲಿರಲಿಲ್ಲ. ನೇರ ಅಪ್ಪನ ಕಡೆಗೆ ನಡೆದಳು.

"ಅಕ್ಕಾ, ಮಡಿ..." ಎಂದು ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

ಅವಳು ಮತ್ತೆ ಮುಂದೆ ಬಂದಳು. ಅವರು ಮತ್ತೆ ಹಿಂದೆ. ಹುಟ್ಟಿದಂದಿನಿಂದ ರೂಢಿಯಾದ ಕಾಲುಗಳು ಯಜಮಾನನ ಮಾತು ಕೇಳಲಿಲ್ಲ. ಬಾಗಿಲಿನಿಂದ ಕಂಬಕ್ಕೆ, ಕಂಬದಿಂದ ಮೂಲೆಯ ಜೋಕಾಲಿಯವರೆಗೆ ಅವಳು ಅವರನ್ನು ಮುಟ್ಟದೆಯೇ ನೂಕಿಕೊಂಡು ಹೋದಳು.

"ಹಾದಿ ಬಿಟ್ಟ ಸರಿ, ಅಕ್ಕಾ" ಎಂದರು ಅಪ್ಪ. ದನಿ ಒಡೆದಿತ್ತು.

"ಮುಟ್ಟಿ ಸರಸು. ನಾ ಮತ್ತ ಸ್ನಾನಾ ಮಾಡತೀನಿ, ಅಷ್ಟ" ಎಂದಳು. ಆಮೇಲೆ ತಿರುಗದೆಯೇ ನನಗೆ, "ಬಸ್ಸು ನಿನ್ನ ಸಲುವಾಗಿ ನಿಂದರಂಗಿಲ್ಲ. ಹೋಗು" ಎಂದಳು.

ಅವ್ವ ಬಾಗಿಲ ಚಿಲಕ ತೆಗೆದಳು. ನಾನು ಹೋದೆ.

ಸೀರೆ ಅಲ್ಲಿ ಕೆಲಸ ಮಾಡಿತು. ಪ್ರವೇಶ ಸಿಕ್ಕಿತು. ಆಮೇಲೆ ಉಸಿರಿಗೆ ಅರಳುವ ಕಾಗದದ ಹೂವು ಮಾಡಿದೆ, ಹೆಜ್ಜೆ ಕೇಳಿದರೆ ತಾನಾಗಿ ಚಿಲಕ ಹಾಕಿಕೊಳ್ಳುವ ಬಾಗಿಲು ಮಾಡಿದೆ. ಕೈ ಪಳಗಿತು. ಭಾನುವಾರ ಅವ್ವನ ಫೋನಿಗೆ ಕರೆ ಮಾಡಿದರೆ ಅತ್ಯಾ ಬರುತ್ತಿದ್ದಳು. ಧಾರವಾಡಕ್ಕೆ ಬಂದು ಸೀರೆ ನೋಡು ಎಂದರೆ, "ದಿನಾ ಉಡತೀನಲ್ಲ, ಅದನ್ನೇನ ನೋಡೂದು?" ಎನ್ನುತ್ತಿದ್ದಳು. ಅಪ್ಪನ ಸಿಟ್ಟು ಇಳಿಯಿತೇ ಎಂದು ಅಂಜುತ್ತ ಕೇಳಿದರೆ, "ಯಾವಾಗೋ ಇಳದದ. ಇವತ್ತ ಹೋಳಿಗಿ ಮಾಡಿದ್ದೆ, ಕಟ್ಟಿನ ಸಾರು ಎರಡ ಸಲಾ ಹಾಕಿಸ್ಕೊಂಡಾ" ಎನ್ನುತ್ತಿದ್ದಳು. ರಜೆಗೆ ಬರಲೇ ಎಂದರೆ, "ಕಲಿಯೂದು ಮುಗಿಸೇ ಬಾ" ಎನ್ನುತ್ತಿದ್ದಳು. ನಾನು ನೆಮ್ಮದಿಯಿಂದ ಮೋಟರುಗಳ ನಡುವಿಗೆ ಮರಳುತ್ತಿದ್ದೆ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ ಅತ್ಯಾ ಏಳಲಿಲ್ಲ. ನಾನು ಇಂಡಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿತ್ತಲಿಗೆ ಹೋದರೆ ಅಲ್ಲಿ ಮಸಿ ಹಿಡಿದ ಒಂದು ಒಲೆ ಕಂಡಿತು. ನಾನಿದ್ದಾಗ ಇರಲಿಲ್ಲ. ಯಾರದು ಎಂದು ಅವ್ವನನ್ನು ಕೇಳಿದೆ.

"ನಂದ. ನೀ ಹ್ವಾದ ದಿನದಿಂದ ನಿಮ್ಮಪ್ಪ ಆಕಿ ಕೈಲೆ ನೀರು ಸುದ್ದಾ ತಗೊಳ್ಳಲಿಲ್ಲ. ಅವರಿಗೆ ನಾ ಇಲ್ಲೆ ಬ್ಯಾರೆ ಬೇಯಿಸ್ತಿದ್ದೆ. ಆಕಿ ಒಳಗ ದಿನಾ ಎಲ್ಲಾರಿಗೂ ಆಗೂವಷ್ಟ ಮಾಡತಿದ್ಲು. ದೇವರಿಗೆ ತೋರಿಸಿ, ಒಬ್ಬಾಕಿನ ಕೂತು ಒಂದ ತುತ್ತು ಉಂಡು, ಉಳದದ್ದು ಆಕಳಿಗೆ ಹಾಕತಿದ್ಲು" ಎಂದಳು ಅವ್ವ.

"ನನಗ ಒಬ್ಬರೂ ಯಾಕ ಹೇಳಲಿಲ್ಲ?" ಎಂದು ಚೀರಿದೆ.

"ಹೇಳಿದ್ರ ನೀ ವಾಪಸ್ ಬರತೀ ಅಂತ ನನ್ನ ಕಡೆ ಆಣಿ ಮಾಡಿಸ್ಕೊಂಡಿದ್ಲು."

ಅವಳು ನನ್ನನ್ನು ಸರಿಯಾಗಿಯೇ ಅಳೆದಿದ್ದಳು. ಹೇಳಿದ್ದರೆ ನಾನು ಆ ಭಾನುವಾರವೇ ಇಂಡಿಯ ಬಸ್ಸು ಹತ್ತಿಬಿಡುತ್ತಿದ್ದೆ.