‘ಕೇಳಿದೇನು’ ಎಂಬ ಮಾತಿಗೆ ಬೇಕಾದ ಜಾಗ

ವಾಸನೆಯಿಂದ ಹಳೆಯದೆಲ್ಲ ಮರಳಿ ಬರುತ್ತದೆ ಎನ್ನುವವರ ಮಾತನ್ನು ನಾನು ನಂಬಿದವಳಲ್ಲ. ಆದರೆ ಮೊನ್ನೆ ಮಸ್ಕಿಯಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ರೇಡಿಯೊ ರಿಪೇರಿ ಅಂಗಡಿಯಿಂದ ಬೆಸುಗೆಯ ಹೊಗೆ ಬಂತು. ಕಾದ ಸೀಸ, ಸುಟ್ಟ ರಾಳ… ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ಆ ಹೊಗೆ ಸಿಂಧನೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯದು. ಅಲ್ಲಿದ್ದವರು ಕಾಲೇಜಿನಲ್ಲಿ ನನಗೆ ಫಿಜಿಕ್ಸ್ ಹೇಳುತ್ತಿದ್ದ ಸರ್. ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದವರೂ ಅವರೇ. ನಾನು ಏನೇ ಹೇಳಲಿ, ‘ಯಾಕ?’ ಎನ್ನುತ್ತಿದ್ದರು. ಲಿಂಗಸುಗೂರಿನಲ್ಲಿ ಬಹುಮಾನ ಗೆದ್ದು ಬಂದ ದಿನವೂ ಕಪ್ಪನ್ನು ತಿರುಗಿಸಿ ನೋಡಿ, ‘ನಿನಗ ಯಾಕ ಕೊಟ್ರು? ಸಾಬೀತು ಮಾಡು’ ಎಂದಿದ್ದರು.

ಆ ವರ್ಷ ಅವರ ಗಂಟಲಲ್ಲಿ ಗಡ್ಡೆ ಬೆಳೆಯಿತು. ಹೈದರಾಬಾದಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಸರ್ ಅಲ್ಲಿಂದ ಬರುವಾಗ ಮೆಮೊರಿ ಚಿಪ್‌ಗಳ ಪೊಟ್ಟಣ ತಂದರು. ಅವರ ಬಳಿ ಟಿವಿಗೆ ಜೋಡಿಸುವಂಥ ಹಳೆಯ ಕಂಪ್ಯೂಟರೊಂದಿತ್ತು. ತಮ್ಮ ದನಿಯನ್ನು ಅದರಲ್ಲಿ ತುಂಬಿಟ್ಟು, ಆಪರೇಶನ್ ಆದಮೇಲೆ ಕೀಲಿ ಒತ್ತಿ ಮಾತಾಡಬೇಕು ಎಂಬುದು ಅವರ ಯೋಚನೆ. ಆದರೆ ದನಿ ವಿಪರೀತ ಜಾಗ ನುಂಗುತ್ತದೆ. ಇದ್ದ ಮೆಮೊರಿಯಲ್ಲಿ ‘ಯಾಕ?’ ಒಂದೇ ಹಿಡಿಯಿತು. ಹೆಚ್ಚಿನ ಮೆಮೊರಿಯ ಬೋರ್ಡನ್ನು ಕೈಯಾರೆ ಕಟ್ಟಬೇಕು, ಅದೂ ಆಪರೇಶನ್ನಿಗೆ ಮೊದಲೇ. ಆಮೇಲೆ ತುಂಬಲು ದನಿಯೇ ಇರುವುದಿಲ್ಲವಲ್ಲ.

‘ಟೇಪಿನಾಗ ಮಾತಾಡಿ ಇಡ್ರೀ ಸರ್. ಇಷ್ಟೆಲ್ಲ ಯಾಕ ಬೇಕು?’ ನಾನು ವಾದಕ್ಕೆ ನಿಂತೆ.

‘ಟೇಪು ಹೇಳಿದ್ದನ್ನ ಹೇಳ್ತೈತವಾ ವಕೀಲಮ್ಮ. ನನಗ ನಿನ್ನ ಮಾತಿಗೆ ತಿರುಗಿ ಉತ್ತರ ಕೊಡೋದೈತಿ.’

‘ಕರೆಂಟ್ ಹೋದ್ರ ಇದು ಎಲ್ಲಾ ಮರೀತೈತ್ರಿ.’

‘ನೀ ಕರೆಂಟ್ ಇದ್ದಾಗನ ಮರೀತಿ, ಪರೀಕ್ಷಾದಾಗ!’

ತೂತುಗಳ ಹಲಗೆಯ ಮೇಲೆ ಚಿಪ್‌ಗಳನ್ನು ಕೂಡಿಸಿ, ಕೂದಲಿನಂಥ ತಂತಿಗಳನ್ನು ಒಂದೊಂದೇ ಬೆಸೆದರು. ಕೆಮ್ಮು ಬಂದಾಗ ಬಿಸಿ ಕಡ್ಡಿಯನ್ನು ದೂರ ಹಿಡಿಯುತ್ತಿದ್ದರು. ಬೋರ್ಡನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿ ‘ಹೌದು’ ಎಂದರೆ ಅದು ಬರೀ ಗೊರಗೊರ ಎಂದಿತು. ಅತ್ತ ಅವರ ದನಿಯೂ ದಿನದಿನಕ್ಕೆ ಒಡೆಯುತ್ತಿತ್ತು. ಅವರ ಹೆಂಡತಿ, ನಾವೆಲ್ಲ ಅಕ್ಕೋರು ಎನ್ನುತ್ತಿದ್ದವರು, ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದರು. ಹೈದರಾಬಾದಿಗೆ ಹೊರಡುವ ಹಿಂದಿನ ದಿನ, ಸರಿಯಾಗಿ ಹತ್ತದೇ ಇದ್ದ ಒಂದು ಬೆಸುಗೆ ಸಿಕ್ಕಿತು. ಬೋರ್ಡು ಜೀವ ಹಿಡಿಯಿತು.

ಸರ್ ಮೊದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಅದನ್ನು ಕಂಪ್ಯೂಟರಿಗೆ ಕೇಳಿಸಿ ತುಂಬಿದರು. ‘ಹೌದು’, ‘ಅಲ್ಲ’, ‘ಯಾಕ?’, ‘ಮುಂದ ಹೇಳು’. ಉಳಿದದ್ದು ಇನ್ನೊಂದಕ್ಕೆ ಮಾತ್ರ ಜಾಗ. ಅವರಿಗೆ ‘ಸಾಬೀತು ಮಾಡು’ ಬೇಕಿತ್ತು.

ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಆ ಮನೆಯಲ್ಲಿರಲಿಲ್ಲ. ಇವರು ‘ಕೇಳಿದೇನು’ ಎಂದರೆ ಅಡುಗೆಮನೆಯಿಂದ ‘ಬಂದೆನ್ರಿ’ ಎಂಬ ಉತ್ತರ. ಅಷ್ಟೇ ಅವರ ಕರೆ.

‘ನನ್ನ ಕೂಡ ವಾದ ಮಾಡದಿದ್ರೂ ನಡೀತೈತ್ರಿ ಸರ್. ಅಕ್ಕೋರ್ನ ಹೆಂಗ ಕರೀತೀರಿ? ಚಪ್ಪಾಳಿ ತಟ್ತೀರೇನು?’

ಸರ್ ಅಡುಗೆಮನೆಯ ಕಡೆ ತಿರುಗಿ ನೋಡಿದರು. ಆಮೇಲೆ ‘ಗೆದ್ದಿ’ ಎಂದರು. ನನಗೆ ಅವರು ಹಾಗೆಂದದ್ದು ಅದೊಂದೇ ಸಲ.

ಕರೆಂಟು ಹೋದರೆ ಮತ್ತೆ ತುಂಬಿಕೊಳ್ಳಲೆಂದು ಎಲ್ಲವನ್ನೂ ಕ್ಯಾಸೆಟ್ಟಿಗೆ ಇಳಿಸಿದರು. ಅದು ಇಳಿಯುವುದು ಕೀಚಲು ಸದ್ದಾಗಿ. ಅದರ ಅರ್ಥ ಮಷೀನಿಗೆ ಮಾತ್ರ ತಿಳಿಯುತ್ತದೆ. ಮನೆಯಲ್ಲಿದ್ದ ಕ್ಯಾಸೆಟ್ಟುಗಳಲ್ಲಿ ಆ ಸದ್ದನ್ನು ತಪ್ಪಿಲ್ಲದೆ ಹಿಡಿದದ್ದು ಒಂದೇ, ಅವರು ಮಾತಾಡಿದ್ದ ಕ್ಯಾಸೆಟ್ಟು. ಮಾತಿನ ಮೇಲೆಯೇ ಇಳಿಸಿ, ಮಾತನ್ನು ಅಳಿಸಿಬಿಟ್ಟರು. ‘ಮಾತು ಒಳಗ ಹೋಗ್ಯಾವಲ್ಲ, ಇನ್ನ ಇದು ಯಾಕ?’

ತಿರುಗಿ ಬಂದಾಗ ಕೊರಳಿಗೆ ಬಟ್ಟೆ ಸುತ್ತಿತ್ತು. ಕೂತವರೇ ಕ್ಯಾಸೆಟ್ಟಿನಿಂದ ಮಾತುಗಳನ್ನು ಮತ್ತೆ ತುಂಬಿ, ಕೀಲಿ ಒತ್ತಿದರು. ಡಬ್ಬಿಯೊಳಗಿಂದ ಆಡಿದಂಥ ದನಿ, ಆದರೆ ಅವರದೇ. ‘ಕೇಳಿದೇನು’.

‘ಬಂದೆನ್ರಿ’ ಎಂದು ಅಡುಗೆಮನೆಯಿಂದ ಬಂದೇಬಿಟ್ಟಿತು ಉತ್ತರ. ಆಮೇಲೆ ಅಕ್ಕೋರು ಹಿಟ್ಟಿನ ಕೈಯಲ್ಲೇ ಹೊರಬಂದು, ಚೌಕಟ್ಟು ಹಿಡಿದು ನಿಂತರು…

ಗಡ್ಡೆ ಮತ್ತೆ ಬಂತು. ಮುಂದಿನ ಭತ್ತದ ಕೊಯ್ಲಿಗೆ ಸರ್ ಇರಲಿಲ್ಲ. ಆಮೇಲೊಂದು ದಿನ ವೋಲ್ಟೇಜ್ ಏರಿ ಕಂಪ್ಯೂಟರೂ ಬೋರ್ಡೂ ಸುಟ್ಟುಹೋದವು. ಆ ಕ್ಯಾಸೆಟ್ಟನ್ನು ಓದಬಲ್ಲ ಅಂಥ ಇನ್ನೊಂದು ಕಂಪ್ಯೂಟರನ್ನು ಹೈದರಾಬಾದಿನಲ್ಲೂ ಹುಡುಕಿದೆ, ಸಿಗಲಿಲ್ಲ.

ಮೊನ್ನೆ ಮುಂದಿನ ಬಸ್ಸು ಹಿಡಿದು ನೇರ ಅಕ್ಕೋರ ಮನೆಗೆ ಹೋದೆ. ಅವರು ಟ್ರಂಕಿನಿಂದ ಆ ಕ್ಯಾಸೆಟ್ಟು ತೆಗೆದು ತಂದರು.

‘ಇದರಾಗ ಅದಾರಲ್ಲವಾ ಅವರು?’

‘ಅದಾರ್ರಿ. ಆದ್ರ ನಮಗ ತಿಳಿಯಂಗಿಲ್ಲ.’

‘ಇರ್ಲಿ, ಹಚ್ಚು.’

ಹಚ್ಚಿದೆ. ಕಿವಿ ಸೀಳುವ ಕೀಚಲು. ಅಕ್ಕೋರು ತಲೆ ವಾಲಿಸಿ ಕೇಳುತ್ತ ಕೂತರು. ಅಂದು ನಾನು ಹೂಡಿದ ವಾದವೇ ಸರಿಯಾಗಿತ್ತು. ಟೇಪಿನಲ್ಲಿ ಮಾತಾಡಿ ಇಟ್ಟಿದ್ದರೆ ಸಾಕಿತ್ತು. ಇಂಥ ಗೆಲುವು ಯಾರಿಗೆ ಬೇಕಿತ್ತು…

‘ನನ್ನ ಕರದದ್ದು ಯಾವುದು ಇದರಾಗ? ಕಡೀದೇನು?’

‘ಹೌದ್ರಿ, ಕಡೀದು’ ಎಂದೆ. ಸರ್ ಇದ್ದಿದ್ದರೆ ಸಾಬೀತು ಮಾಡು ಎನ್ನುತ್ತಿದ್ದರು.

ಅಕ್ಕೋರು ತಾವೇ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಚ್ಚಿದರು. ಕಡೆಯ ಕೀಚಲು ಬಂದು ನಿಂತಾಗ, ಮೆಲ್ಲಗೆ, ‘ಬಂದೆನ್ರಿ’ ಎಂದರು.