ಅತ್ತೆಯ ಭುಜ, ಮಡಿಯ ಗಳ

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಕೊಟ್ಟ ಚೀಟಿಯನ್ನು ಬಿಡಿಸಿ ನೋಡಿದೆ. ಭುಜನೋವು ನನಗೂ ಇದೆ, ಪಕ್ಕದ ಮನೆಯಾಕೆಗೂ ಇದೆ. ಆಕೆಗೆ ಹತ್ತು ವ್ಯಾಯಾಮ, ನನಗೆ ಬರೀ ಮೂರು! ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಂತೆ ಮುನಿಸಾಯಿತು ನೋಡಿ. ಆ ಮುನಿಸಿನಲ್ಲೇ ನಮ್ಮತ್ತೆ ನೆನಪಾದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸೊರಬದ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅತ್ತೆಯ ಬಲಭುಜ ಹಿಡಿದುಕೊಂಡಿತು. ಹಿತ್ತಲ ಕೋಣೆಯಲ್ಲಿ ಸೂರಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬಿದಿರಿನ ಗಳವೊಂದಿತ್ತು, ಯಾರ ಮೈಯೂ ತಾಗದಷ್ಟು ಎತ್ತರದಲ್ಲಿ. ಅವರ ಮಡಿ ಸೀರೆ ಅದರ ಮೇಲೇ ಒಣಗಬೇಕು, ಕೋಲಿನಿಂದ ಅವರೇ ಹರವಬೇಕು. ಕೈ ಏಳದಿದ್ದರೆ ಮಡಿಯಿಲ್ಲ. ಮಡಿಯಿಲ್ಲದೆ ಅವರು ಒಲೆಯ ಮುಂದೆ ಹೋಗರು, ಬೇರೆಯವರು ಬೇಯಿಸಿದ್ದನ್ನು ಉಣ್ಣರು. ಅವಲಕ್ಕಿ, ಹಾಲು, ಬಾಳೆಹಣ್ಣಿನಲ್ಲೇ ದಿನ ದೂಡಿ, ಬಳೆಗಳು ಮೊಣಕೈಗೆ ಜಾರುವಷ್ಟು ಇಳಿದುಹೋದರು.

“ನಾನು ಹರವಲಾ ಅತ್ತೆ?”

“ನೀನಾ? ಆ ಸಿಸ್ಟರುಗಳ ಜೊತೆ ಕೂತು ಬ್ರೆಡ್ಡು ತಿಂದವಳು! ಬೇಡ ಮಾರಾಯ್ತಿ.”

ತಿಂದದ್ದು ನಿಜವೇ. ಆದರೆ ನಾನು ಓದಿದ ಕಾನ್ವೆಂಟು ಡ್ರಿಲ್ಲನ್ನೂ ಕಲಿಸಿತ್ತಲ್ಲ! ಒನ್, ಟೂ, ತ್ರೀ ಎಂದು ಅತ್ತೆಯ ಕೈ ಹಿಡಿದು ಮೇಲೆತ್ತಿಸಿದೆ. ಮರುದಿನ ಅವರಿಗೆ ಲೋಟ ಎತ್ತಲೂ ಆಗಲಿಲ್ಲ.

ಬಸ್ಸಿನಲ್ಲಿ ಶಿಕಾರಿಪುರಕ್ಕೆ ಕರೆದೊಯ್ದೆವು. ಅಲ್ಲಿನ ಲೇಡಿ ಡಾಕ್ಟರು ಕೈ ತಿರುಗಿಸಿ ನೋಡಿ, “ಮನೇಲಿ ಯಾವ ಕೆಲ್ಸ ನಿಂತೈತಿ, ಹೇಳ್ರಿ ಅಮ್ಮಾ,” ಎಂದರು. ಗಳದ ಕತೆ ಕೇಳಿ ನಗಲಿಲ್ಲ.

“ಹಂಗಾದ್ರೆ ಅದೇ ನಿಮ್ಮ ಔಷಧಿ. ಗಳ ಎದಿಮಟ್ಟಕ್ಕೆ ಇಳಿಸ್ರಿ. ಮಡಿ ಸೀರಿ ಬ್ಯಾಡ, ಒಣ ಟವೆಲ್ ಹಾಕ್ರಿ. ನೋವು ಅಂದಲ್ಲಿ ನಿಲ್ಲಿಸ್ರಿ. ವಾರಕ್ಕೆ ನಾಕು ಬೆರಳು ಏರಿಸ್ರಿ, ಹೆಚ್ಚಿಗೆ ಬ್ಯಾಡ.”

ಹಗ್ಗ ಏರಿಸುವ ಕೆಲಸ ನನ್ನದು. ದಿನಾ ಮಧ್ಯಾಹ್ನ ಆ ಕೋಣೆಯಲ್ಲಿ ನಾವಿಬ್ಬರೇ. ಅತ್ತೆ ತುಟಿ ಕಚ್ಚಿ ಟವೆಲು ಹರವುವರು, “ಐದು ಬೆರಳು ಏರಿಸಿದ್ಯಲ್ಲೇ ಕಳ್ಳಿ!” ಎನ್ನುವರು. ನಾನು ಬೆರಳಿಟ್ಟು ಅಳೆದು ತೋರಿಸಬೇಕು. ಮೂರು ತಿಂಗಳಾಯಿತು. ಹಳೆಯ ಎತ್ತರಕ್ಕೆ ಒಂದು ಗೇಣು ಉಳಿದಾಗ ಕೈ ನಿಂತಿತು. ಎಷ್ಟು ಕಾದರೂ ಮತ್ತೆ ಏರಲಿಲ್ಲ.

“ಹಗ್ಗ ಪೂರ್ತಿ ಏರಿಸು,” ಎಂದರು ಒಂದು ಬೆಳಿಗ್ಗೆ.

“ನಿಮ್ಮ ಕೈ ಎಟುಕೋದಿಲ್ಲ ಅತ್ತೆ.”

“ನಿನ್ ಕೈ ಎಟುಕ್ತದಲ್ಲ! ಹೋಗು, ಮಿಂದು ಬಾ.” ಕೋಲನ್ನು ನನ್ನತ್ತ ಚಾಚಿದರು.

ಮರುದಿನ ನಾನು ಹರವಿದ ಸೀರೆಯುಟ್ಟು ತಾವೇ ಒಲೆ ಹಚ್ಚಿದರು. ಎರಡು ಸಲ ಅನ್ನ ಬಡಿಸಿಕೊಂಡು ಉಂಡರು.

ಈಗ ನನ್ನ ಸೊಸೆ ಹದಿನೈದು ದಿನದಿಂದ “ತಲೆ ಬಾಚಿಕೊಡಲಾ?” ಎಂದು ಕೇಳುತ್ತಲೇ ಇದ್ದಾಳೆ. ನಾನು ಬೇಡವೆನ್ನುತ್ತ, ಎಡಗೈಯಲ್ಲಿ ಸೊಟ್ಟ ತುರುಬು ಕಟ್ಟಿಕೊಂಡು ಓಡಾಡುತ್ತಿದ್ದೆ. ಇವತ್ತು ಬಾಚಣಿಗೆ ಹಿಡಿದು ಹೋಗಿ ಅವಳ ಮುಂದೆ ಕುಳಿತೆ.

“ಮೆಲ್ಲಗೆ ಬಾಚೇ,” ಎಂದೆ.